ಬಸ್ಸು ಬಿಟ್ಟು ರೈಲು ಹಿಡಿದದ್ದು

ಎಂಬತ್ತರ ದಶಕದ ನಡುವಿನಲ್ಲಿ ನಾನು ಶಹಾಪುರದ ಮನೆಯಿಂದ ಖಾನಾಪುರದ ಶಾಲೆಗೆ ಪಾಠ ಹೇಳಲು ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಮಳೆಗಾಲದ ಒಂದು ಸಂಜೆ ಆ ಬಸ್ಸು ರಸ್ತೆಯಿಂದ ಜಾರಿ ಭತ್ತದ ಗದ್ದೆಗೆ ಮಗುಚಿತು. ನನ್ನ ಮೊಣಕೈ ಮುರಿಯಿತು, ಅಷ್ಟೇ. ಪಕ್ಕದಲ್ಲಿ ಕುಳಿತಿದ್ದ ಹೆಂಗಸು ಉಳಿಯಲಿಲ್ಲ.

ಕೈ ಕೂಡಿಕೊಂಡು ಚಳಿಗಾಲ ಬಂದಾಗ ಮನಃಶಾಸ್ತ್ರ ಓದುತ್ತಿದ್ದ ಹುಡುಗಿಯೊಬ್ಬಳು ಮನೆಗೆ ಬಂದಳು. ಅಪಘಾತದಲ್ಲಿ ಬದುಕಿದವರ ಮನಸ್ಸು ಆಮೇಲೆ ಹೇಗಿರುತ್ತದೆ ಎಂದು ತಿಳಿಯುವುದು ಅವಳ ಅಭ್ಯಾಸದ ವಿಷಯ. ಇಂಗ್ಲಿಷಿನ ಪ್ರಶ್ನಾವಳಿಯೊಂದನ್ನು ತಾನೇ ಕನ್ನಡಕ್ಕೂ ಮರಾಠಿಗೂ ತಂದು ಸೈಕ್ಲೋಸ್ಟೈಲ್ ಪ್ರತಿಗಳನ್ನು ತೆಗೆಸಿದ್ದಳು. ಪ್ರತಿ ವಾಕ್ಯದ ಮುಂದೆ ‘ಇಲ್ಲವೇ ಇಲ್ಲ’ದಿಂದ ‘ಪದೇ ಪದೇ’ವರೆಗೆ ಚೌಕಗಳು, ನನಗೆ ಹೊಂದುವುದಕ್ಕೆ ನಾನೇ ಗುರುತು ಹಾಕಬೇಕು. ವರ್ಷವಿಡೀ ಮಕ್ಕಳ ಪೇಪರು ತಿದ್ದುವ ನನಗೆ ಸರಿ ತಪ್ಪಿಲ್ಲದ ಈ ಪರೀಕ್ಷೆ ಸೋಜಿಗವೆನಿಸಿತು. ಒಂದೊಂದನ್ನೂ ಗಟ್ಟಿಯಾಗಿ ಓದುತ್ತ ಹೋದೆ.

ಕೆಟ್ಟ ಕನಸುಗಳು ಬೀಳುತ್ತವೆ: ಕೆಲವೊಮ್ಮೆ. ಸದ್ದಾದರೆ ಬೆಚ್ಚುತ್ತೇನೆ: ಇಲ್ಲ, ನಮ್ಮ ಓಣಿಯಲ್ಲಿ ಮಗ್ಗಗಳ ಸದ್ದು ನಿಂತರೇ ಬೆಚ್ಚಬೇಕು. ಘಟನೆಯನ್ನು ನೆನಪಿಸುವುದರಿಂದ ದೂರ ಇರುತ್ತೇನೆ: ಇಲ್ಲವೇ ಇಲ್ಲ.

ಅವರೆಕಾಯಿ ಸುಲಿಯುತ್ತಿದ್ದ ನನ್ನ ಅತ್ತೆ ತಲೆ ಎತ್ತಿದರು.

“ಮತ್ತ ಬಸ್ ಬಿಟ್ಟು ರೈಲಿಗೆ ಯಾಕ ಹೊಂಟೀ ಯವ್ವಾ?”

ರೈಲು ಆರಾಮ ಎಂದೆ. ಆದರೆ ಅದು ತಡವಾಗಿ ಬಂದು ನಾನು ಎಷ್ಟೋ ಸಲ ಶಾಲೆಯ ಬೆಳಗಿನ ಪ್ರಾರ್ಥನೆ ತಪ್ಪಿಸಿಕೊಂಡಿದ್ದೆ. ಗುರುತು ಹಾಕುವಾಗ ಸುಳ್ಳೇನೂ ಬರೆದಿರಲಿಲ್ಲ. ಹೆದರಿಕೆಯೇ ನನಗೆ ತಿಳಿಸದೆ ನನ್ನ ದಾರಿ ಬದಲಿಸಿತ್ತು. ಹಾಗಾದರೆ ನನ್ನ ಬಗ್ಗೆ ನಾನು ಬರೆದದ್ದರಲ್ಲಿ ಇನ್ನೆಷ್ಟು ಹೀಗೆ ನನಗೇ ತಿಳಿಯದೆ ತಪ್ಪಾಗಿರಬಹುದು?

ಆ ಗುರುತು ಅಳಿಸಿ ಬೇರೆ ಹಾಕಲೇ ಎಂದು ಕೇಳಿದೆ.

“ಬ್ಯಾಡ್ರಿ ಅಕ್ಕೋರ,” ಎಂದಳು ಹುಡುಗಿ. “ನೀವು ಮೊದಲ ಹಾಕಿದ್ದು ಇರಲಿ. ಅತ್ತಿಯವರು ಅಂದದ್ದನ್ನ ಬಾಜೂಕ ಬರೀತೀನಿ. ನನಗ ಎರಡೂ ಬೇಕು.”

ಮುಂದಿನ ರವಿವಾರ ಅತ್ತೆಯನ್ನು ಕರೆದುಕೊಂಡು ಬಸ್ಸು ಹತ್ತಿದೆ. ಊರು ದಾಟುತ್ತಲೇ ಸಿಗುವ ಪೀರನವಾಡಿಯಲ್ಲೇ ನನಗೆ ಕೂತಿರಲಾಗದೆ ಇಳಿದುಬಿಟ್ಟೆವು. ಮುಂದಿನ ಸಲ ಇನ್ನಷ್ಟು ದೂರ ಹೋದೆವು. ಸಂಕ್ರಾಂತಿ ಕಳೆದ ಮೇಲೆ ಒಮ್ಮೆ ಖಾನಾಪುರ ಮುಟ್ಟಿ, ಚಹಾ ಕುಡಿದು, ಬಸ್ಸಿನಲ್ಲೇ ಮರಳಿದೆವು. ಅತ್ತೆಗೆ ನಿದ್ದೆ ಹತ್ತಿತು. ಯಾವ ತಿರುವಿಗೆ ಎದೆ ಹೊಡೆದುಕೊಳ್ಳುತ್ತದೆ, ಎಲ್ಲಿ ಸುಮ್ಮನಾಗುತ್ತದೆ ಎಂದು ನಾನು ದಾರಿಯುದ್ದಕ್ಕೂ ಗಮನಿಸುತ್ತ ಬಂದೆ.