ಮೇಷ್ಟ್ರ ಸ್ಕಾಟಿಷ್ ಲಾರ್ಡ್

ಇಲ್ಲಿ ಅಮೆರಿಕದಲ್ಲಿ, ಬೆಲ್ವ್ಯೂ ಗ್ರಂಥಾಲಯದ ಹಳೆಯ ಪುಸ್ತಕಗಳ ಮಾರಾಟದಲ್ಲಿ ಮೊನ್ನೆ ಒಂದು ದಪ್ಪ ಸಂಪುಟ ತೆರೆದೆ. ಒಣಗಿದ ಚರ್ಮದ ರಟ್ಟು, ಹುಳಿ ಹಿಡಿದಂಥ ಕಾಗದದ ವಾಸನೆ... ಮೇಷ್ಟ್ರು ನೆನಪಾದರು.

ಐದಾರು ವರ್ಷಗಳ ಹಿಂದಿನ ಮಾತು. ಆಗ ನಾನು ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದುತ್ತ ಓವರ್‌ಲೇಕ್ ಬಡಾವಣೆಯಲ್ಲಿ ವಾಸವಾಗಿದ್ದೆ. ಮೇಲಿನ ಮನೆಗೆ ಮೈಸೂರಿನಿಂದ ಮಗಳನ್ನು ನೋಡಲು ಬಂದಿದ್ದ ನಿವೃತ್ತ ಇತಿಹಾಸದ ಮೇಷ್ಟ್ರು ಅವರು. ಹತ್ತೊಂಬತ್ತನೇ ಶತಮಾನದ ಒಬ್ಬ ಸ್ಕಾಟಿಷ್ ಲಾರ್ಡ್‌ನ ಜೀವನಚರಿತ್ರೆಯನ್ನು ವರ್ಷಗಳಿಂದ ಕನ್ನಡದಲ್ಲಿ ಬರೆಯುತ್ತಿದ್ದರು. ಅವರಿಗೆ ಬೇಕಾದ ಪಾರ್ಲಿಮೆಂಟಿನ ವರದಿಗಳನ್ನು ನಾನು ಗ್ರಂಥಾಲಯದಿಂದ ತಂದುಕೊಡುತ್ತಿದ್ದೆ.

ಮಗಳು ತೆಲುಗಿನವರನ್ನು ಮದುವೆಯಾದದ್ದಕ್ಕೆ ಮೇಷ್ಟ್ರು ಒಂಬತ್ತು ವರ್ಷ ಮಾತು ಬಿಟ್ಟಿದ್ದರಂತೆ. ಮಗಳೇ ಲಾಂಡ್ರಿ ರೂಮಿನಲ್ಲಿ ಬಟ್ಟೆ ಮಡಿಸುತ್ತ ಹೇಳಿದ್ದರು. "ನನ್ ಮದುವೆಗೆ ಬರ್ಲಿಲ್ಲ. ಆ ಲಾರ್ಡ್ ಮನೆ ಮದುವೆ ಆಗಿದ್ರೆ ಸೂಟ್ ಹೊಲಿಸ್ಕೊಂಡು ಹೋಗ್ತಿದ್ರು" ಎಂದು ನಕ್ಕಿದ್ದರು.

ಸಾಮಾನ್ಯ ಜನರಿಗೆ ಮತದಾನದ ಹಕ್ಕು ಕೊಡಕೂಡದೆಂದು ಯೌವನದಲ್ಲಿ ಪಾರ್ಲಿಮೆಂಟಿನಲ್ಲಿ ಗುಡುಗಿದ್ದ ಲಾರ್ಡ್, ಮುಪ್ಪಿನಲ್ಲಿ ಅದೇ ಸಭೆಯಲ್ಲಿ ಎದ್ದು ನಿಂತು ಕೊಡಲೇಬೇಕೆಂದ. ಆ ಅಧ್ಯಾಯವೇ ಮೇಷ್ಟ್ರ ಪುಸ್ತಕದ ಜೀವ.

"ಅಷ್ಟು ಜನರ ಎದುರಿಗೆ ತನ್ನ ಹಟ ಬಿಟ್ಟುಕೊಡೋದು ಸುಲಭ ಅಲ್ಲ ಕಣಮ್ಮ" ಎನ್ನುತ್ತಿದ್ದರು.

ಊರಿಗೆ ಹೊರಡುವ ಹಿಂದಿನ ಸಂಜೆ ಮೇಷ್ಟ್ರು ಮಗಳನ್ನೂ ಅಳಿಯನನ್ನೂ ಕೂರಿಸಿಕೊಂಡು ಆ ಅಧ್ಯಾಯ ಓದುವುದೆಂದು ನಿಶ್ಚಯಿಸಿದ್ದರು. ಅಳಿಯನಿಗೆ ಕನ್ನಡ ಅಷ್ಟಿಷ್ಟೇ ಬರುತ್ತಿದ್ದುದರಿಂದ ಉದ್ದನೆಯ ವಾಕ್ಯಗಳನ್ನೆಲ್ಲ ಕತ್ತರಿಸಿ ಮತ್ತೆ ಬರೆದಿದ್ದರು. ಬಾಯಿಬಿಟ್ಟು ಕೇಳಲಾಗದ ಕ್ಷಮೆಯನ್ನು ಹೀಗೆ ಕೇಳುತ್ತಿದ್ದಾರೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ...

ಇಸವಿಗಳನ್ನು ಒಮ್ಮೆ ನೋಡಿಕೊಡು ಎಂದು ಹಸ್ತಪ್ರತಿ ಕೊಟ್ಟಿದ್ದರು. ನೋಡಿದೆ. ಆ ಮನೆತನಗಳಲ್ಲಿ ಅಪ್ಪ ಸತ್ತರೆ ಬಿರುದು ಹಿರಿಯ ಮಗನಿಗೆ ಹೋಗುತ್ತದೆ. ಸಭೆಯ ವರದಿಗಳಲ್ಲಿ ಅಚ್ಚಾಗುವುದು ಬಿರುದು ಮಾತ್ರ. ಮೊದಲ ಭಾಷಣಕ್ಕೂ ಎರಡನೆಯದಕ್ಕೂ ನಡುವೆ ಅಪ್ಪ ಸತ್ತಿದ್ದ. ಎರಡನೆಯದು ಮಗನದು. ಮೇಷ್ಟ್ರು ಇಬ್ಬರನ್ನು ಒಬ್ಬನೆಂದು ತಿಳಿದಿದ್ದರು.

ವಂಶಾವಳಿಯ ಪುಟವನ್ನು ಜೆರಾಕ್ಸ್ ಮಾಡಿಸಿ, ಸಾವಿನ ಇಸವಿಯ ಕೆಳಗೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದು, ಅವರು ಓದಬೇಕಿದ್ದ ದಿನವೇ ಬೆಳಿಗ್ಗೆ ಕೊಟ್ಟೆ. ತಪ್ಪು ಕಂಡ ಮೇಲೆ ಸುಮ್ಮನಿರುವುದು ನನಗೆ ಆಗದ ಕೆಲಸವಾಗಿತ್ತು. ಒಂದು ದಿನ ಕಾಯಬಹುದೆಂದು ತೋಚಲೇ ಇಲ್ಲ.

ಮೇಷ್ಟ್ರು ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದರು.

"ಹಾಗಾದ್ರೆ ಬದಲಾಗಿದ್ದು ಮಗ" ಎಂದರು. "ಅಪ್ಪ ಹಾಗೇ ಹೋದ."

ನಾನು ಏನಾದರೂ ಹೇಳಬೇಕಿತ್ತು. ನೀವು ಇಷ್ಟು ದೂರ ಬಂದಿದ್ದೀರಲ್ಲ ಎಂದಿದ್ದರೂ ಸಾಕಿತ್ತೇನೋ... ಒಳ್ಳೆಯ ಕೆಲಸ ಮಾಡಿದೆಯಮ್ಮ ಎಂದು ಅವರೇ ನನ್ನನ್ನು ಹೊಗಳಿದರು, ಮೇಷ್ಟ್ರಲ್ಲವೇ. ಆ ಸಂಜೆ ಮೇಲಿನ ಮನೆಯಿಂದ ಟೀವಿಯ ಸದ್ದು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ. ಮರುದಿನ ಅವರು ಹೊರಟುಹೋದರು.

ಹೋದ ವರ್ಷ ಮೈಸೂರಿನಲ್ಲಿ ತೀರಿಕೊಂಡರು. ಮತ್ತೆ ಇಲ್ಲಿಗೆ ಬಂದಿರಲಿಲ್ಲ. ನಿನ್ನೆ ಅವರ ಮಗಳು ಫೋನ್ ಮಾಡಿದ್ದರು. ಅದೂ ಇದೂ ಮಾತಾಡುತ್ತ ಕೇಳಿದರು: "ಹೊರಡೋ ಹಿಂದಿನ ದಿನ ಇಬ್ರೂ ಕೂತ್ಕೊಳ್ಳಿ, ಏನೋ ಓದ್ತೀನಿ ಅಂದಿದ್ರು. ಇವರು ಆಫೀಸಿಂದ ಬೇಗ ಬಂದು ಕಾಯ್ತಾ ಇದ್ರು. ಆಮೇಲೆ ಅಪ್ಪ ಬೇಡ ಅಂದ್ಬಿಟ್ರು. ಯಾಕೆ ಅಂತ ನಿಂಗೇನಾದ್ರೂ ಗೊತ್ತಾ?"

ಗೊತ್ತಿಲ್ಲ ಎಂದೆ.