ಅಟ್ಟದ ಮೇಲಿನ ಮೆದುಳು

ನಾನು ಓದಿದ ಕಾನ್ವೆಂಟಿನ ಗೇಟಿನಲ್ಲಿ ಕೂರುತ್ತಿದ್ದ ಮುದುಕನ ಕೆಮ್ಮು ಇವತ್ತಿಗೂ ನನ್ನ ತಲೆಯಲ್ಲಿ ಭದ್ರವಾಗಿದೆ. ಎರಡು ಸಣ್ಣ ಕೆಮ್ಮು, ಒಂದು ದೊಡ್ಡದು, ಕೊನೆಗೆ ‘ಶಿವನೇ’ ಎಂಬ ನಿಟ್ಟುಸಿರು. ನಮ್ಮ ಸಿಸ್ಟರ್ ಕ್ಲಾಸಿನ ಬಾಗಿಲಲ್ಲೇ ನಿಂತು ‘ಗರ್ಲ್ಸ್, ಬ್ಯಾಕ್ಸ್ ಸ್ಟ್ರೇಟ್’ ಎನ್ನುತ್ತಿದ್ದುದೂ ಇದೆ. ಅದು ನೆನಪಾದರೆ ಈ ವಯಸ್ಸಿನಲ್ಲೂ ಬೆನ್ನು ತಾನಾಗಿ ನೆಟ್ಟಗಾಗುತ್ತದೆ, ಆಮೇಲೆ ನೋಯುತ್ತದೆ. ತಿಪಟೂರು ಸ್ಟೇಷನ್ನಿನಲ್ಲಿ ರೈಲು ತಡವೆಂದು ವಿಷಾದಿಸುವ ಹೆಂಗಸಿನ ಧ್ವನಿ ಇದೆ. ಎಂದೋ ಸತ್ತುಹೋದ ನಮ್ಮ ಕರಿ ಹಸುವಿನ ಕೂಗೂ ಇದೆ. ನನ್ನ ಗಂಡನ ಧ್ವನಿ ಮಾತ್ರ ಇಲ್ಲ.

ತಪ್ಪು ತಿಳಿಯಬೇಡಿ, ಅವರು ಆಡಿದ ಮಾತುಗಳೆಲ್ಲ ನೆನಪಿವೆ. ಆದರೆ ಅವನ್ನು ಮನಸ್ಸಿನೊಳಗೆ ನಾನು ನನ್ನದೇ ದನಿಯಲ್ಲಿ ಓದಿಕೊಳ್ಳುತ್ತೇನೆ, ಬೇರೆ ಭಾಷೆಯ ಸಿನಿಮಾಕ್ಕೆ ಕೆಳಗೆ ಸಬ್‌ಟೈಟಲ್ ಓದುವ ಹಾಗೆ. ಅವರು ಹೋದ ಹೊಸತರಲ್ಲಿ ಮುಖ ಎಲ್ಲಿ ಮಸುಕಾಗುವುದೋ ಎಂದು ಹೆದರಿ ಗೋಡೆಯ ತುಂಬ ಫೋಟೋ ಹಾಕಿಸಿದೆ. ಮುಂಬಾಗಿಲು ಕಾಯುತ್ತ ಕೂತವಳ ಹಿಂದೆ ಹಿತ್ತಲ ಬಾಗಿಲಿಂದ ಧ್ವನಿ ಎದ್ದುಹೋಗಿತ್ತು. ಹೋದದ್ದು ಯಾವತ್ತು ಎಂಬುದೂ ಗೊತ್ತಾಗಲಿಲ್ಲ.

ನನ್ನ ನಾದಿನಿ ಗೌರಮ್ಮ ನಮ್ಮ ಜೊತೆಯಲ್ಲೇ ಇದ್ದವಳು, ಈಗಲೂ ಅರಳಗುಪ್ಪೆಯ ಈ ಮನೆಯಲ್ಲಿ ನನ್ನ ಜೊತೆಗಿರುವವಳು. ಅವಳನ್ನು ಕೇಳಿದೆ, ನಿಮ್ಮಣ್ಣನ ದನಿ ಹೇಗಿತ್ತು ಹೇಳು ಎಂದು. ಅವಳು ಸೊಪ್ಪು ಸೋಸುವುದನ್ನು ನಿಲ್ಲಿಸದೆ, “ಗಂಡಸ್ರ ಗಂಟ್ಲು ಇದ್ದಂಗಿತ್ತು ಕಣತ್ತಿಗೆ, ಇನ್ನೆಂಗಿರ್ತದೆ” ಎಂದಳು. ಮತ್ತೆ ತಾನೇ, ಊಟಕ್ಕೆ ಮುಂಚೆ ಒಂಥರಾ, ಊಟ ಆದಮೇಲೆ ಒಂಥರಾ ಎಂದು ಸೇರಿಸಿದಳು. ಇದು ನಿಜ. ಆದರೆ ಇಷ್ಟರಿಂದ ಧ್ವನಿ ಕಟ್ಟಲು ಬರುವುದಿಲ್ಲ.

ಗೌರಮ್ಮನ ಮಗಳು ರೇಖಾ ತಿಪಟೂರಿನಲ್ಲಿ ಕಾಲೇಜು ಮಕ್ಕಳಿಗೆ ಕಂಪ್ಯೂಟರ್ ಪಾಠ ಮಾಡುತ್ತಾಳೆ, ಭಾನುವಾರ ಬಸ್ಸು ಹತ್ತಿ ನಮ್ಮನ್ನು ನೋಡಲು ಬರುತ್ತಾಳೆ. ಅವಳ ಪ್ರಕಾರ ಮೆದುಳೂ ಒಂದು ಕಂಪ್ಯೂಟರೇ. ಬೆಳಿಗ್ಗೆ ತಿಂದ ತಿಂಡಿ ಮರೆತುಹೋಗುವ ಜಾಗ ಒಂದು, ಬಾಲ್ಯವೆಲ್ಲ ಕೂತಿರುವ ಜಾಗ ಇನ್ನೊಂದು. ನನ್ನ ಸಂಕಟ ಕೇಳಿ ಅವಳು ಬಹಳ ಮೃದುವಾಗಿ, ಮಾವನ ಧ್ವನಿಯ ಫೈಲ್ ಎಲ್ಲೂ ಹೋಗಿಲ್ಲ, ಡಿಲೀಟ್ ಆಗಿಲ್ಲ, ಅಲ್ಲಿಗೆ ಹೋಗುವ ದಾರಿ ಮಾತ್ರ ತಪ್ಪಿದೆ ಎಂದು ಸಮಾಧಾನ ಹೇಳಿದಳು. ನನಗೆ ಎಷ್ಟು ಹಿತವಾಯಿತೆಂದರೆ, ಅವತ್ತಿನಿಂದ ಕಣ್ಣು ಮುಚ್ಚಿ ಕೂತು ಹುಡುಕುವುದೇ ಕೆಲಸವಾಯಿತು. ಅವರು ಕಾಫಿ ಕೇಳುತ್ತಿದ್ದ ಮಾತು ನೆನೆಸಿಕೊಳ್ಳುವುದು, ಕಿವಿ ಕೊಡುವುದು. ಸಿಕ್ಕಿದ್ದು ಗೇಟಿನ ಮುದುಕನ ಕೆಮ್ಮು.

ಪಾಪ ರೇಖಾ, ಮಾವನ ಹಳೆಯ ಫೋನನ್ನೂ ಜೀವಂತ ಮಾಡಿದಳು. ಅದರಲ್ಲಿ ಒಂದೇ ಒಂದು ವಿಡಿಯೋ. ಮಾಯಸಂದ್ರದ ಒಂದು ಮದುವೆಯಲ್ಲಿ ಅವರು ಯಾರಿಗೋ ಏನೋ ಗಹನವಾಗಿ ಹೇಳುತ್ತಿದ್ದಾರೆ. ತುಟಿ ಆಡುತ್ತದೆ, ಬೆರಳು ಆಡುತ್ತದೆ, ಹಿಂದೆ ವಾಲಗದವರು ಪ್ರಾಣ ಹೋಗುವ ಹಾಗೆ ಊದುತ್ತಿದ್ದಾರೆ. ಕಂಪ್ಯೂಟರಿನ ನೆನಪೆಂದರೆ ಇದೇ ನೋಡಿ, ಭಾರೀ ಪ್ರಾಮಾಣಿಕ. ಗಂಡನಿಗೂ ವಾಲಗಕ್ಕೂ ಅದಕ್ಕೆ ವ್ಯತ್ಯಾಸವಿಲ್ಲ. ರೇಖಾ ಯಾವುದೋ ಸಾಫ್ಟ್‌ವೇರ್ ಹಾಕಿ ವಾಲಗವನ್ನು ತೆಗೆದಳು. ಉಳಿದದ್ದು ಡಬ್ಬದೊಳಗಿಂದ ಮಾತಾಡುವ ಯಾರೋ ಅಪರಿಚಿತರು. ಚೆನ್ನಾಗಿರುವ ಧ್ವನಿ ಸ್ವಲ್ಪ ಸಿಕ್ಕರೂ ಸಾಕು, ಈಗಿನ ಕಂಪ್ಯೂಟರು ಅದೇ ದನಿಯಲ್ಲಿ ಏನು ಬೇಕಾದರೂ ಮಾತಾಡಿಸುತ್ತದಂತೆ. ಅವರು ಬದುಕಿದ್ದಾಗಲೇ ನಾನು ಬೇಕೆಂದದ್ದನ್ನು ಮಾತಾಡಿದವರಲ್ಲ. ಈಗ ಮಾತಾಡಿದರೆ ನಂಬುವುದು ಹೇಗೆ?

ಮನುಷ್ಯನದು ಒಂದು ವಿಚಿತ್ರ ಚಟ. ಅವನ ಕಾಲದಲ್ಲಿ ಯಾವ ಯಂತ್ರ ಹೊಸತೋ ತನ್ನ ತಲೆಯೊಳಗೆ ಇರುವುದೂ ಅದೇ ಎಂದುಕೊಳ್ಳುತ್ತಾನೆ. ಗಡಿಯಾರ ಬಂದಾಗ ಗಡಿಯಾರ. ನಾವು ಓದುವಾಗ ಮೆದುಳೆಂದರೆ ಟೆಲಿಫೋನ್ ಎಕ್ಸ್‌ಚೇಂಜ್ ಎಂದು ಹೇಳಿಕೊಡುತ್ತಿದ್ದರು. ಮದುವೆಯಾಗಿ ಇಲ್ಲಿಗೆ ಬಂದಮೇಲೆ ತೌರಿಗೆ ಟ್ರಂಕ್ ಕಾಲ್ ಮಾಡಲು ತಿಪಟೂರಿಗೆ ಹೋಗಿ ಕಾದು ಕಾದು, ಕೊನೆಗೆ ಲೈನ್ ಸಿಗದೆ ಅರ್ಧ ಕೆ.ಜಿ. ಖಾರ ಕಟ್ಟಿಸಿಕೊಂಡು ಮನೆಗೆ ಬಂದ ದಿನ, ಈ ಹೋಲಿಕೆ ಪರವಾಗಿಲ್ಲ ಅನ್ನಿಸಿತ್ತು. ಈಗ ಕಂಪ್ಯೂಟರಿನ ಸರದಿ. ಯಂತ್ರಗಳು ಸಿಗದೆ ಹೋಗಿದ್ದರೆ ನಮ್ಮ ಸೀಮೆಯವರು ಏನೆನ್ನುತ್ತಿದ್ದರು? ನನಗೆ ಅನುಮಾನವೇ ಇಲ್ಲ. ಕೊಬ್ಬರಿ ಅಟ್ಟ ಎನ್ನುತ್ತಿದ್ದರು.

ಈ ಕಡೆಯವರಲ್ಲದವರಿಗಾಗಿ ಎರಡು ಮಾತು. ನಮ್ಮಲ್ಲಿ ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿ ವರ್ಷದ ಹತ್ತಿರ ಹಾಗೇ ಬಿಡುತ್ತೇವೆ. ಒಳಗಿನ ನೀರು ಒಳಗೇ ಇಂಗಿ, ತಿರುಳು ಒಣಗಿ, ಚಿಪ್ಪನ್ನು ಬಿಟ್ಟು ಉಂಡೆಯಾಗಿ ಕಳಚಿಕೊಳ್ಳಬೇಕು. ಆಗಿದೆಯೋ ಇಲ್ಲವೋ ತಿಳಿಯಲು ಒಡೆದು ನೋಡುವ ಹಾಗಿಲ್ಲ. ಒಡೆದರೆ ಉಂಡೆ ಹಾಳು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಕೇಳಬೇಕು. ಮೊದಮೊದಲು ಕುಲುಕುಲು ಎಂದು ನೀರು. ಪೂರ್ತಿ ಆದಮೇಲೆ ಲೊಡಲೊಡ ಎಂದು ಕೊಬ್ಬರಿ. ಇವೆರಡರ ನಡುವೆ ಒಂದು ಕಾಲವಿದೆ: ನೀರು ಆರಿರುತ್ತದೆ, ತಿರುಳಿನ್ನೂ ಚಿಪ್ಪನ್ನು ಬಿಟ್ಟಿರುವುದಿಲ್ಲ. ಆಗ ಎಷ್ಟು ಅಲ್ಲಾಡಿಸಿದರೂ ಕಾಯಿ ಮೂಕ.

ಹೊಸ ಸೊಸೆಯಾಗಿ ಬಂದ ನಾನು ಇದನ್ನೇನು ಬಲ್ಲೆ? ಕಾನ್ವೆಂಟಿನಲ್ಲಿ ನೀಡ್ಲ್‌ವರ್ಕ್ ಕಲಿಸಿದ್ದರು. ಮೂಕ ಕಾಯಿಗಳೆಲ್ಲ ಒಳಗೇ ಕೆಟ್ಟಿವೆ ಎಂದುಕೊಂಡು, ಕೆಲಸ ಮಾಡಿ ತೋರಿಸುವ ಉತ್ಸಾಹದಲ್ಲಿ, ಸೌದೆ ಒಲೆಗಾಗಲಿ ಎಂದು ಒಂದು ಗುಡ್ಡೆಯನ್ನೇ ಅಟ್ಟದಿಂದ ಕೆಳಕ್ಕೆ ಉರುಳಿಸಿದೆ. ನಮ್ಮವರು ಬಂದು ನೋಡಿದರು. ಬಯ್ಯಲಿಲ್ಲ. ಒಂದು ಕಾಯಿ ತೆಗೆದುಕೊಂಡು ಕಿವಿಗೆ ಹಿಡಿದು, ಅದು ಕೆಟ್ಟಿಲ್ಲ, ಸುಮ್ಮನಿದೆ ಅಷ್ಟೆ, ಅದನ್ನು ಬಿಟ್ಟುಬಿಡು ಎಂದರು. ಆಮೇಲೆ ಎಲ್ಲವನ್ನೂ ತಾವೇ ಮತ್ತೆ ಮೇಲಕ್ಕೇರಿಸಿದರು. ಈಗ ನೀವು ಓದಿದಿರಲ್ಲ, ಆ ಮಾತು ನನ್ನ ನೆನಪಿನಲ್ಲಿ ಇದ್ದದ್ದೂ ಹೀಗೇ, ಸಬ್‌ಟೈಟಲ್ಲಾಗಿ.

ಮೊನ್ನೆ ಭಾನುವಾರ ಕಾಯಿ ಇಳಿಸುವ ಕೆಲಸವಿತ್ತು. ಏಣಿ ಹತ್ತಬೇಡಿ ಎಂದು ಗೌರಮ್ಮ ಕೂಗುತ್ತಿದ್ದಳು. ನನ್ನ ಮೊಣಕಾಲೂ ಅದನ್ನೇ ಹೇಳುತ್ತಿತ್ತು. ಇಬ್ಬರ ಮಾತನ್ನೂ ಕೇಳದೆ ಹತ್ತಿದೆ. ರೇಖಾ ಮೇಲೆ ಕೂತು ಒಂದೊಂದೇ ಕಾಯಿ ಅಲ್ಲಾಡಿಸಿ, ಲೊಡಲೊಡ ಎಂದದ್ದನ್ನು ಕೆಳಗೆ ಅಮ್ಮನಿಗೆ ಕೊಡುತ್ತಿದ್ದಳು. ಒಂದು ಕಾಯಿ ಮೂಕವಾಗಿತ್ತು. ಎರಡು ಸಲ ಅಲ್ಲಾಡಿಸಿ, ಇದು ಡೆಡ್ ಅತ್ತೆ ಎನ್ನುತ್ತ ಮೂಲೆಗೆಸೆಯಲು ಕೈಯೆತ್ತಿದಳು.

ನಾನು ಬೇರೆ ಏನೋ ಯೋಚನೆಯಲ್ಲಿದ್ದೆ. ಕೈ ತಾನಾಗಿ ಹೋಗಿ ಕಾಯಿ ಕಿತ್ತುಕೊಂಡಿತು. ಕಿವಿಗೆ ಹಿಡಿದೆ. ನನ್ನ ಮೂಗಿನಿಂದ ಸಣ್ಣಗೆ ಒಂದು ಉಸಿರು ಬಂತು, ನಗುವಿನ ಹಾಗೆ. ಆಮೇಲೆ ಬಾಯಿ ತೆರೆಯಿತು.

“ಅದು ಕೆಟ್ಟಿಲ್ಲ ಕಣೇ… ಸುಮ್ಕೈತೆ. ಬುಡು ಅದನ್ನ.”

ಕೆಳಗೆ ಗೌರಮ್ಮ ಕೈಯಲ್ಲಿದ್ದ ಕಾಯಿ ಹಾಗೇ ಹಿಡಿದುಕೊಂಡು ನಿಂತಳು. ಆಮೇಲೆ ಮೆಲ್ಲಗೆ, “ಅಣ್ಣ ಬಂದೋದಂಗಾಯ್ತು ಕಣತ್ತಿಗೆ” ಎಂದಳು.

ನಾನೂ ಕೇಳಿದ್ದೆ. ‘ಕಣೇ’ ಆದಮೇಲೆ ಒಂದು ಗಳಿಗೆ ನಿಂತು ಮುಂದಕ್ಕೆ ಹೋಗುವ ಆ ನಡೆ, ಕೊನೆಯಲ್ಲಿ ಮಾತನ್ನು ಮೆತ್ತಗೆ ಕೆಳಗಿಟ್ಟುಬಿಡುವ ರೀತಿ. ಗಂಟಲು ನನ್ನದು, ಒಡಕಲು. ಆದರೆ ಅದರೊಳಗೆ ನಡೆದುಹೋದವರು ಅವರು. ಅಷ್ಟು ದಿನ ನಾನು ಕಿವಿಯಲ್ಲಿ ಹುಡುಕುತ್ತಿದ್ದೆ. ಅವರು ನನ್ನ ನಾಲಗೆಯ ಮೇಲೆ ಕೂತಿದ್ದರು.

ಆಸೆ ಯಾರನ್ನು ಬಿಟ್ಟಿದೆ? ಇನ್ನೊಂದು ಸಲ ಕೇಳಬೇಕೆನ್ನಿಸಿ, ಗಂಟಲು ಸರಿಮಾಡಿಕೊಂಡು ಅದೇ ಮಾತನ್ನು ಬೇಕೆಂದೇ ಹೇಳಿದೆ. ಬಂದದ್ದು ಸಿಸ್ಟರ್ ಕಲಿಸಿದ ದನಿ, ಬೆನ್ನು ನೆಟ್ಟಗೆ. ರೇಖಾಗೆ ನಗು ತಡೆಯಲಾಗಲಿಲ್ಲ. ನನಗೂ ನಗು ಬಂತು, ಕಣ್ಣಲ್ಲಿ ನೀರಿದ್ದರೂ.

ಕಾಫಿ ಕುಡಿಯುವಾಗ ಅವಳಿಗೆ ಹೇಳಿದೆ: ಒಂದೇ ಮೇಜಿನ ಮೇಲೆ ಎರಡು ಕಂಪ್ಯೂಟರನ್ನು ನಲವತ್ತು ವರ್ಷ ಜೊತೆಗಿಟ್ಟರೂ ಒಂದರ ಮಾತಿನ ಧಾಟಿ ಇನ್ನೊಂದಕ್ಕೆ ಹತ್ತುವುದಿಲ್ಲ, ಮೈ ಡಿಯರ್. ಹತ್ತುತ್ತೆ ಅತ್ತೆ, ನೆಟ್‌ವರ್ಕ್ ಅಂತ ಇದೆ ಎಂದು ಅವಳು ಶುರುಮಾಡಿದಳು. “ಸಾಕು ಬುಡೇ, ಕಾಫಿ ಆರೋಯ್ತದೆ” ಎಂದು ಗೌರಮ್ಮ ವಾದ ಮುಗಿಸಿದಳು. ಇರಬಹುದು. ರೇಖಾ ಓದಿದವಳು, ನನಗೆ ಗೊತ್ತಿಲ್ಲದ್ದು ಬೇಕಾದಷ್ಟಿದೆ. ಕಣ್ಣು ಮುಚ್ಚಿ ಹುಡುಕುವುದನ್ನಂತೂ ಅವತ್ತಿನಿಂದ ಬಿಟ್ಟಿದ್ದೇನೆ.

ಆ ಮೂಕ ಕಾಯನ್ನು ಎಲ್ಲಿತ್ತೋ ಅಲ್ಲೇ ಇಟ್ಟು ಬಂದಿದ್ದೇನೆ. ಮೊಣಕಾಲು ಒಪ್ಪಿದ ದಿನ ಏಣಿ ಹತ್ತಿ, ಕಿವಿಗೆ ಹಿಡಿದು, ಮತ್ತೆ ಇಟ್ಟು ಇಳಿಯುತ್ತೇನೆ. ಅವಸರವಿಲ್ಲ. ಕಾಯಿಗೇ ಒಂದು ವರ್ಷ ಬೇಕು. ನಾನು ಅದಕ್ಕಿಂತ ಗಟ್ಟಿ ಚಿಪ್ಪಿನವಳು.