ಗಾಳಿಯಣ್ಣನ ಉಸಿರು

ಲಾರಿಯವರೆಲ್ಲ ನನ್ನ ತಮ್ಮನನ್ನು ಗಾಳಿಯಣ್ಣ ಎಂದೇ ಕರೆಯುತ್ತಾರೆ. ದೊಡ್ಡ ರಸ್ತೆಯ ಪಕ್ಕದ ಟೈರ್ ಅಂಗಡಿಯಲ್ಲಿ ರಾತ್ರಿ ಪಾಳಿ ಅವನದು. ಟೈರಿಗೆ ಸುತ್ತಿಗೆಯಿಂದ ಒಮ್ಮೆ ತಟ್ಟಿ, ಆ ಸದ್ದಿನಲ್ಲೇ ಒಳಗೆ ಗಾಳಿ ಎಷ್ಟಿದೆಯೆಂದು ಹೇಳುತ್ತಾನೆ. ನನ್ನ ಯಜಮಾನರು ತೀರಿಕೊಂಡ ಮೇಲೆ ನಾನು ಇವನ ಮನೆಯಲ್ಲೇ ಇದ್ದೇನೆ. ಅವನ ಹೆಂಡತಿ ಹೊಲಿಗೆ ಕಾರ್ಖಾನೆಗೆ ಹೋದರೆ, ಹಗಲೆಲ್ಲ ಅವನ ನಿದ್ದೆಗೆ ನಾನೊಬ್ಬಳೇ ಕಾವಲು.

ಅದು ಬರೀ ಗೊರಕೆಯಾಗಿದ್ದರೆ ಸುಮ್ಮನಿರುತ್ತಿದ್ದೆ. ಗೊರಕೆ ಏರುತ್ತ ಹೋಗಿ ತಟ್ಟನೆ ನಿಲ್ಲುತ್ತಿತ್ತು. ಬಾಯಿ ತೆರೆದೇ ಇರುತ್ತಿತ್ತು, ಹೊಟ್ಟೆ ಒದ್ದಾಡುತ್ತಿತ್ತು, ಗಾಳಿ ಮಾತ್ರ ಒಳಗೆ ಹೋಗುತ್ತಿರಲಿಲ್ಲ. ಆಮೇಲೆ ನೀರಿನಿಂದ ಮೇಲೆದ್ದವನ ಹಾಗೆ ಗಕ್ಕನೆ ಉಸಿರೆಳೆಯುತ್ತಿದ್ದ. ಹೀಗೆ ನಿದ್ದೆ ಕೆಟ್ಟು ಕೆಟ್ಟು, ಒಂದು ರಾತ್ರಿ ಲಾರಿ ಚಕ್ರಕ್ಕೆ ಗಾಳಿ ತುಂಬುತ್ತಲೇ ತೂಕಡಿಸಿದನಂತೆ. ಮಾಲೀಕ ಓಡಿಬಂದು ಕೊಳವೆ ಕಿತ್ತ. ಟೈರ್ ಸಿಡಿದಿದ್ದರೆ ಇವನು ಉಳಿಯುತ್ತಿರಲಿಲ್ಲ.

"ಆಸ್ಪತ್ರೆಯವ್ರು ಸರಿ ಅನ್ನೋ ತನಕ ಲಾರಿ ಚಕ್ರ ಮುಟ್ಬೇಡ. ಸ್ಕೂಟರ್ ನೋಡ್ಕೋ," ಎಂದ ಮಾಲೀಕ. ತಮ್ಮನಿಗೆ ಅದು ಊಟ ಬಿಡುವಷ್ಟು ಅವಮಾನ.

ಆಸ್ಪತ್ರೆಯವರು ಒಂದು ಮಿಷನ್ ಕೊಟ್ಟರು. ಊಟದ ಡಬ್ಬಿಯಷ್ಟಿತ್ತು. ಕೊಳವೆಯ ತುದಿಯ ಮಾಸ್ಕನ್ನು ಮೂಗಿಗೆ ಕಟ್ಟಿಕೊಂಡರೆ, ಅದು ಒತ್ತುವ ಗಾಳಿಗೆ ಗಂಟಲು ಮುಚ್ಚಿಕೊಳ್ಳುವುದಿಲ್ಲ. ಗೊರಕೆ ಮೊದಲ ದಿನವೇ ನಿಂತಿತು.

"ಅತ್ತಿಗೆ, ಮದುವೆ ಆದ ಮೇಲೆ ಇವತ್ತೇ ನಮ್ಮನೆ ಗಡಿಯಾರದ ಸದ್ದು ಕೇಳಿಸಿದ್ದು," ಎಂದಳು ಅಂದು ರಜೆ ಹಾಕಿ ಮನೆಯಲ್ಲಿದ್ದ ಅವನ ಹೆಂಡತಿ.

ನನಗೆ ಮಾತ್ರ ಕೂತಲ್ಲಿ ಕೂರಲಾಗಲಿಲ್ಲ. ಒಂದೊಂದು ಸಲ ಅವನ ಎದೆ ಇಳಿಸಿಟ್ಟ ಮೂಟೆಯ ಹಾಗೆ ಸುಮ್ಮನಾಗಿಬಿಡುತ್ತಿತ್ತು. ಮಿಷನ್ ಸುಯ್ ಎನ್ನುತ್ತಲೇ ಇತ್ತು, ಹೊಟ್ಟೆ ಒದ್ದಾಡುತ್ತಿರಲಿಲ್ಲ. ನಲ್ಲಿಗೆ ಬಿಂದಿಗೆ ಇಟ್ಟು, ಅದು ತುಂಬುವ ಮೊದಲೇ ಮತ್ತೆ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದೆ. ದಿನ ಕಳೆದಂತೆ ಆ ಮೌನ ಉದ್ದವಾಯಿತು.

"ಎದ್ದಾಗ ತಲೆ ಭಾರ ಅಂತೀಯ. ಆ ಮಿಷನ್ನಿಗೆ ಏನು ಮಾಡಿದೀಯ?" ಎಂದು ಕೇಳಿದೆ.

"ಅವ್ರು ಗಾಳಿ ಒತ್ತಡ ಎಂಟಕ್ಕೆ ಇಟ್ಟಿದ್ರು. ಅದು ಸ್ಕೂಟರ್ ಲೆಕ್ಕ ಅಕ್ಕ. ಒಬ್ಬ ಡ್ರೈವರ್ ಹತ್ರಾನೂ ಇದೇ ಮಿಷನ್ ಇದೆ, ಏರಿಸೋದು ಹೇಳ್ಕೊಟ್ಟ. ಈಗ ಹನ್ನೆರಡು."

"ನೀನೇನು ಲಾರೀನಾ?"

"ಮೈ ನೋಡು. ಕಮ್ಮಿ ಇದೀನಾ?"

ನಗು ಬರಲಿಲ್ಲ. ಅವನನ್ನು ಮಿಷನ್ ಸಮೇತ ಕರೆದುಕೊಂಡು ಆಸ್ಪತ್ರೆಗೆ ಹೊರಟೆ.

ನಿದ್ದೆ ವಿಭಾಗದ ಹುಡುಗಿ ಮಿಷನ್ನನ್ನು ಕಂಪ್ಯೂಟರಿಗೆ ಜೋಡಿಸಿ ನೋಡಿದಳು. ಮೊದಲು ಹೊಟ್ಟೆ ಒದ್ದಾಡುತ್ತಿದ್ದುದನ್ನೂ ಈಗ ಅಲುಗಾಡದಿರುವುದನ್ನೂ ನಾನು ಹೇಳಿದೆ. ಅವಳು ತಲೆಯಾಡಿಸಿ ತಮ್ಮನ ಕಡೆ ತಿರುಗಿದಳು.

"ಇಲ್ಲೂ ಹಾಗೇ ಕಾಣ್ತಿದೆ. ಮುಂಚೆ ದಾರಿ ಮುಚ್ಚಿತ್ತು. ಈಗ ದಾರಿ ತೆರೆದಿದೆ, ಉಸಿರಾಡು ಅನ್ನೋ ಅಪ್ಪಣೆಯೇ ಬರ್ತಿಲ್ಲ. ನಾವು ಹೊರಗೆ ಬಿಡೋ ಕೆಟ್ಟ ಗಾಳಿ ರಕ್ತದಲ್ಲಿ ಸ್ವಲ್ಪ ಇರಲೇಬೇಕು ಯಜಮಾನ್ರೆ. ಅದು ಏರಿದಾಗ್ಲೇ ಮಿದುಳು ಉಸಿರು ತಗೋ ಅನ್ನೋದು. ನೀವು ಒತ್ತಡ ಏರಿಸಿ ಅದನ್ನ ತೊಳೆದು ಹಾಕ್ತಿದೀರ."

"ಹಾಗಾದ್ರೆ ಮಿಷನ್ನೇ ಬೇಡ ಬಿಡಿ."

"ಬೇಕು. ನಿಮಗೆ ಎಂಟು ಸಾಕು. ಎಷ್ಟೋ ವರ್ಷ ಉಸಿರುಗಟ್ಟಿ ಗಾಬರೀಲಿ ಎಳೆದು ನಿಮ್ಮ ಮಿದುಳಿಗೆ ಅದೇ ಅಭ್ಯಾಸ ಆಗಿದೆ. ಅತಿಯಾಗಿ ಎಳೆಯತ್ತೆ, ಆಮೇಲೆ ನಿಲ್ಲಿಸತ್ತೆ. ದಿನಾ ಹಾಕ್ಕೊಂಡ್ರೆ ತುಂಬ ಜನಕ್ಕೆ ಕೆಲವು ವಾರದಲ್ಲಿ ತಾನೇ ಹದಕ್ಕೆ ಬರತ್ತೆ. ಬರದಿದ್ರೆ ಬೇರೆ ತರದ ಮಿಷನ್ ಇದೆ. ಈಗ ಒತ್ತಡ ಏರಿಸೋ ಗುಂಡಿಗೆ ಬೀಗ ಹಾಕ್ತೀನಿ."

ಅವನು ಮಿಷನ್ ಹಿಡಿದುಕೊಂಡು ಮುಂದೆ ಮುಂದೆ ನಡೆದ. ಮನೆ ಹತ್ತಿರ ಬಂದಾಗ, "ಟೈರಿಗೆ ಇಂಥದ್ದೆಲ್ಲ ಇಲ್ಲ," ಎಂದ.

ಆ ವಾರಗಳೆಲ್ಲ ಅವನ ಕೋಣೆಯ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತೆ. ಉಸಿರು ನಿಂತಾಗಲೆಲ್ಲ ಎದ್ದು ಹೋಗಿ ಅವನ ಭುಜ ಅಲ್ಲಾಡಿಸಲು ಕೈ ಚಾಚುತ್ತಿದ್ದೆ. ಅಷ್ಟರಲ್ಲಿ ಎದೆ ಏಳುತ್ತಿತ್ತು. ಬರಬರುತ್ತ ನಾನು ಮಂಚದ ಹತ್ತಿರ ಹೋಗುವಷ್ಟೂ ಹೊತ್ತು ಉಸಿರು ನಿಲ್ಲದಂತಾಯಿತು.

ಮತ್ತೆ ತೋರಿಸಿದಾಗ ಆ ಹುಡುಗಿ, "ನಿಲ್ಲೋದು ತುಂಬ ಕಮ್ಮಿಯಾಗಿದೆ, ಡಾಕ್ಟರೂ ಕೆಲಸ ಮಾಡಬಹುದು ಅಂದ್ರು," ಎಂದಳು. ಆಸ್ಪತ್ರೆಯ ಬಾಗಿಲಿನಿಂದಲೇ ತಮ್ಮ ಮಾಲೀಕನಿಗೆ ಫೋನ್ ಮಾಡಿದ.

"ಸಂಜೆ ಬಾ. ಲಾರಿಗಳು ಕಾಯ್ತಿವೆ," ಎಂದನಂತೆ ಮಾಲೀಕ.

ಆ ಮಧ್ಯಾಹ್ನ ಅವನು ಮಾಸ್ಕ್ ಕಟ್ಟಿ ಮಲಗಿದ. ಕೋಣೆಯಲ್ಲಿ ಸದ್ದೇ ಇರಲಿಲ್ಲ. ಹುಡುಗಿ ಹೇಳಿದ್ದು ಕೇಳಿಸಿಕೊಂಡಿದ್ದರೂ ನನಗೆ ತಡೆಯಲಾಗಲಿಲ್ಲ. ಮೆಲ್ಲಗೆ ಹೋಗಿ ಅವನ ಹೊಟ್ಟೆಯ ಮೇಲೆ ಕೈಯಿಟ್ಟೆ.

"ಇದೀನಿ ಅಕ್ಕ," ಎಂದ ಕಣ್ಣು ತೆರೆಯದೆ. "ಕೈ ತೆಗಿ, ಕಚಗುಳಿ ಆಗತ್ತೆ."

ಕೈ ತೆಗೆದೆ. ಕುರ್ಚಿಯನ್ನು ಮಾತ್ರ ಬಾಗಿಲಿಂದ ಸರಿಸಲಿಲ್ಲ.